ಕ್ಯಾಂಪಿನ ಶಾಸನದಲ್ಲಿ ಅಭಿಪ್ರಾಯಸೂಚಕ ಕ್ರಿಯಾಪದಗಳು

ಆಂಗ್ಲ ಶಾಸನಗಳನ್ನು ಆಕರವಾಗಿ ಬಳಸುವ ಇತಿಹಾಸದ ವಿದ್ಯಾರ್ಥಿಗಳು ಅವುಗಳ ನಾಮಪದಗಳಿಗೆ ಕೊಡುವಷ್ಟು ಲಕ್ಷ್ಯವನ್ನು ಕ್ರಿಯಾಪದಗಳಿಗೆ ಕೊಡುವುದಿಲ್ಲ. 'ಡೀಮ್', 'ಕನ್ಸಿಡರ್', 'ಬಿಲೀವ್' ಎಂಬ ಮೂರಕ್ಕೂ 'ಭಾವಿಸು' ಎಂದೇ ಬರೆದು ಮುಂದೆ ಸಾಗುವುದು ವಾಡಿಕೆ. ಆದರೆ ಇವುಗಳ ಅಂತರವು ಮನುಷ್ಯನ ನೆಲೆಯನ್ನೇ ನಿರ್ಧರಿಸಬಲ್ಲುದೆಂಬುದಕ್ಕೆ ಬೆಳಗಾವಿಯ ಕ್ಯಾಂಪ್ ನಿದರ್ಶನವಾಗಿದೆ.

1818ರಲ್ಲಿ ಮನ್ರೋನ ಸೈನ್ಯವು ಬೆಳಗಾವಿಯ ಕೋಟೆಯನ್ನು ವಶಪಡಿಸಿಕೊಂಡ ತರುವಾಯ ಬೆಳೆದ ದಂಡಿನ ನೆಲೆಯೇ ಜನರ ಬಾಯಲ್ಲಿ 'ಕ್ಯಾಂಪ್' ಎನಿಸಿತು. ದಂಡಿನೊಡನೆ ಪೇಟೆಯೂ ಬೆಳೆಯಿತು. ಇಂತಹ ನೆಲೆಗಳಿಗಾಗಿ 1864, 1889 ಹಾಗೂ 1924ರಲ್ಲಿ ಶಾಸನಗಳಾದವು. 1924ರ ಶಾಸನದಂತೆ, ಸೈನಿಕರಲ್ಲಿ ಅವಿಧೇಯತೆಯನ್ನು ಹುಟ್ಟಿಸಿದವನನ್ನು ಮಾತ್ರವಲ್ಲದೆ, ಹುಟ್ಟಿಸಬಹುದೆಂದು ಸ್ಟೇಷನ್ನಿನ ಸೇನಾಧಿಕಾರಿಗೆ 'ನಂಬಲು ಕಾರಣವಿರುವ' ವ್ಯಕ್ತಿಯನ್ನೂ ಕ್ಯಾಂಪಿನಿಂದ ಹೊರಹಾಕಬಹುದಾಗಿತ್ತು. ಕಾರಣಗಳನ್ನು ಲಿಖಿತವಾಗಿ ಕೊಡಬೇಕೆಂಬ ಕಟ್ಟೂ ಇದ್ದಿತು. ಬರಿಯ 'ನಂಬಿದಲ್ಲಿ' ಎಂದಿದ್ದರೆ ಆ ಕಟ್ಟಿಗೆ ಅರ್ಥವೇ ಉಳಿಯುತ್ತಿರಲಿಲ್ಲವೆಂಬುದನ್ನು ಗಮನಿಸಬೇಕು.

ಈ ಸೂಕ್ಷ್ಮವು ಕೇವಲ ವೈಯಾಕರಣರ ಕುತೂಹಲವಲ್ಲ. 1942ರ ಚಳವಳಿಯ ಕಾಲದಲ್ಲಿ ಕ್ಯಾಂಪಿಗೆ ಸಮೀಪದ ಹಿಂಡಲಗಾ ಕಾರಾಗೃಹದಲ್ಲಿಯೂ ರಾಜಕೀಯ ಬಂಧಿಗಳಿದ್ದರು. ಆಗ ವಿಚಾರಣೆಯಿಲ್ಲದೆ ಬಂಧನದಲ್ಲಿಡಲು ಮುಖ್ಯ ಸಾಧನವಾಗಿದ್ದುದು ಭಾರತ ರಕ್ಷಣಾ ನಿಯಮಗಳ 26ನೆಯ ನಿಯಮ. ಮೂಲ ಶಾಸನವು 'ಸಕಾರಣವಾಗಿ ಶಂಕಿಸಲ್ಪಟ್ಟವರ' ಬಂಧನಕ್ಕೆ ಮಾತ್ರ ಅವಕಾಶವಿತ್ತಿದ್ದರೆ, ನಿಯಮವು ಸರಕಾರಕ್ಕೆ 'ಮನದಟ್ಟಾದಲ್ಲಿ' ಸಾಕೆಂದಿತ್ತು. ಶಂಕೆಗೆ ಕಾರಣ ಬೇಕು. ಮನದಟ್ಟಾಗುವುದಕ್ಕೆ ಸರಕಾರದ ಮನಸ್ಸೇ ಸಾಕು! ಮುಂಬಯಿಯ ಕೇಶವ ತಳಪದೆಯವರ ಪ್ರಕರಣದಲ್ಲಿ ಫೆಡರಲ್ ನ್ಯಾಯಾಲಯವು 1943ರ ಏಪ್ರಿಲಿನಲ್ಲಿ ಈ ಅಂತರವನ್ನೇ ಹಿಡಿದು ನಿಯಮವನ್ನು ಅಸಿಂಧುವೆಂದಿತು. ಸರಕಾರವು ಕೆಲವೇ ದಿನಗಳಲ್ಲಿ ಸುಗ್ರೀವಾಜ್ಞೆ ಹೊರಡಿಸಿ, ಹಿಂದಿನ ಯಾವ ಆಜ್ಞೆಯನ್ನೂ ಆ ಕಾರಣದಿಂದ ಅಸಿಂಧುವೆಂದು 'ಡೀಮ್' ಮಾಡತಕ್ಕದ್ದಲ್ಲವೆಂದು ಸಾರಿತು. ಒಂದು ಕ್ರಿಯಾಪದದಿಂದ ತೆರೆದ ಬಾಗಿಲನ್ನು ಇನ್ನೊಂದು ಕ್ರಿಯಾಪದವು ಮುಚ್ಚಿತು.

'ಡೀಮ್' ಎಂಬುದು ತೀರ್ಪುಗೊಡುವುದೆಂಬ ಅರ್ಥದ ಪ್ರಾಚೀನ ಆಂಗ್ಲ ಧಾತುವಿನಿಂದ ಬಂದುದು. ಶಾಸನದಲ್ಲಿ ಅದು ಯಾರ ಭಾವನೆಯನ್ನೂ ಹೇಳುವುದಿಲ್ಲ. ಇಲ್ಲದ್ದನ್ನು ಇದೆಯೆಂದು ಎಣಿಸಲು ಆಜ್ಞಾಪಿಸುತ್ತದೆ. ಆದುದರಿಂದ ನಮ್ಮ ಕಾನೂನು ಕನ್ನಡದ 'ಎಂದು ಭಾವಿಸತಕ್ಕದ್ದು' ಎಂಬುದಕ್ಕಿಂತ 'ಎಂದು ಎಣಿಸತಕ್ಕದ್ದು' ಎಂಬುದೇ ಲೇಸೆಂದು ನಾವು ಭಾವಿಸುತ್ತೇವೆ (ಇಲ್ಲಿ 'ಭಾವಿಸು' ಸರಿಯಾದ ಸ್ಥಾನದಲ್ಲಿದೆ). 1924ರ ಶಾಸನದ ಸ್ಥಾನದಲ್ಲಿ ಬಂದ 2006ರ ಕಂಟೋನ್ಮೆಂಟ್ ಶಾಸನವು, ಅನುದಾನ ಪಡೆಯಲು ಹಾಗೂ ಕೇಂದ್ರದ ಯೋಜನೆಗಳನ್ನು ನಡೆಸಲು, ಕಂಟೋನ್ಮೆಂಟ್ ಮಂಡಳಿಯನ್ನು ಸಂವಿಧಾನದ ಅರ್ಥದ ಪುರಸಭೆಯೆಂದು ಎಣಿಸಿದೆ. ಆ ಮಂಡಳಿಯ ಅಧ್ಯಕ್ಷಪೀಠ ಮಾತ್ರ ಸ್ಟೇಷನ್ನಿನ ಸೇನಾಧಿಕಾರಿಯದೇ.