ಬ್ಯೂನಸ್ ಐರಿಸ್‌ನ ಟ್ಯಾಂಗೋ: ಕಲಿಕೆಯ ಚರಿತ್ರೆ

ಟ್ಯಾಂಗೋ ಕುರಿತು ಬರೆದವರಲ್ಲಿ ಬಹುಮಂದಿ ಅದರ ವಾದ್ಯಗಾರರನ್ನೂ ಗಾಯಕರನ್ನೂ ಗೀತರಚನಕಾರರನ್ನೂ ಹಿಂಬಾಲಿಸಿದ್ದಾರೆ. ಸಾಮಾನ್ಯ ಜನರು ಆ ನೃತ್ಯವನ್ನು ಎಲ್ಲಿ, ಯಾರಿಂದ, ಯಾವ ಕ್ರಮದಲ್ಲಿ ಕಲಿತರೆಂಬ ಪ್ರಶ್ನೆಗೆ ದೊರೆತ ಗಮನ ಅದಕ್ಕೆ ಹೋಲಿಸಿದರೆ ಅತ್ಯಲ್ಪ. ಆದರೆ ಜೋಡಿಯಾಗಿ ಕುಣಿಯುವ ನೃತ್ಯದಲ್ಲಿ ಕಲಿಯುವ ಸ್ಥಳವೂ ಕುಣಿಯುವ ಸ್ಥಳವೂ ಒಂದೇ ಆಗಿದ್ದವೋ ಬೇರೆಬೇರೆ ಆಗಿದ್ದವೋ ಎಂಬುದು ಹೆಜ್ಜೆಗಳ ಸ್ವರೂಪವನ್ನೂ ಸಭಾಂಗಣದ ಮರ್ಯಾದೆಗಳನ್ನೂ ನಿರ್ಧರಿಸುವಷ್ಟು ಮಹತ್ತ್ವದ್ದಾಗಿದ್ದು, ಬ್ಯೂನಸ್ ಐರಿಸ್‌ನ ಒಂದು ಶತಮಾನದ ಅನುಭವ ಇದನ್ನು ಚೆನ್ನಾಗಿ ತೋರಿಸಿಕೊಡುತ್ತದೆ.

19ನೆಯ ಶತಮಾನದ ಕೊನೆಯ ದಶಕಗಳಲ್ಲಿ ರಿಯೋ ದೆ ಲಾ ಪ್ಲಾತಾ ನದೀಮುಖದ ಎರಡು ದಡಗಳಲ್ಲಿದ್ದ ಬ್ಯೂನಸ್ ಐರಿಸ್ ಮತ್ತು ಮೊಂತೆವಿದೇಯೋ ನಗರಗಳಲ್ಲಿ, ಆಫ್ರಿಕಾ ಮೂಲದವರ ಕುಣಿತ, ಕ್ಯೂಬಾದಿಂದ ಬಂದ ಹಬನೇರಾ ಲಯ ಮತ್ತು ಯೂರೋಪಿನ ಜೋಡಿ ನೃತ್ಯಗಳು ಬೆರೆತು ಟ್ಯಾಂಗೋ ರೂಪುಗೊಂಡಿತು. ಇಟಲಿ ಮತ್ತು ಸ್ಪೇನಿನಿಂದ ಹಡಗು ಹತ್ತಿ ಬಂದವರು ಕೊಂವೆಂತಿಯ್ಯೋ ಎಂದು ಕರೆಯಲಾಗುತ್ತಿದ್ದ, ನಡುವೆ ಒಂದು ಅಂಗಳವಿದ್ದು ಸುತ್ತಲೂ ಕೋಣೆಗೊಂದು ಸಂಸಾರವಿರುತ್ತಿದ್ದ ವಠಾರಗಳಲ್ಲಿ ನೆಲೆಸಿದರು. 1914ರ ಜನಗಣತಿಯ ವೇಳೆಗೆ ಬ್ಯೂನಸ್ ಐರಿಸ್‌ನ ಜನಸಂಖ್ಯೆ 15 ಲಕ್ಷವನ್ನು ದಾಟಿತ್ತು. ಅವರಲ್ಲಿ ಸುಮಾರು ಅರ್ಧದಷ್ಟು ಜನ ಪರದೇಶದಲ್ಲಿ ಹುಟ್ಟಿದವರು, ಹಾಗೆ ಬಂದವರಲ್ಲಿ ಗಂಡಸರ ಸಂಖ್ಯೆ ಹೆಂಗಸರಿಗಿಂತ ಬಹಳ ಹೆಚ್ಚು. ಈ ಅಸಮತೋಲನದ ಪರಿಣಾಮವು ನೃತ್ಯದ ಮೇಲೆ ನೇರವಾಗಿಯೇ ಆಯಿತು. ಒಬ್ಬ ಹೆಂಗಸಿನ ಜೊತೆ ಕುಣಿಯಲು ಹಲವರು ಕಾದಿರುವಾಗ ಆರಿಸಿಕೊಳ್ಳುವ ಅಧಿಕಾರ ಆಕೆಯದಾಗುತ್ತದೆ, ಸರಿಯಾಗಿ ಕುಣಿಯಲು ಬಾರದವನಿಗೆ ಎರಡನೆಯ ಅವಕಾಶ ಸಿಗುವುದಿಲ್ಲ. ಆದುದರಿಂದ ಸಭಾಂಗಣಕ್ಕೆ ಕಾಲಿಡುವ ಮುನ್ನವೇ ಬೇರೆಲ್ಲೋ ಕಲಿತು ಬರುವುದು ಅನಿವಾರ್ಯವಾಯಿತು.

ಆ ಬೇರೆ ಸ್ಥಳವೇ ಪ್ರಾಕ್ತಿಕಾ. ಬಡಾವಣೆಯ ಗಂಡಸರು ಸಂಜೆ ಹೊತ್ತು ಕ್ಲಬ್ಬಿನ ಹಿಂದಿನ ಕೋಣೆಯಲ್ಲೋ ಬಯಲಿನಲ್ಲೋ ಸೇರಿ ತಮ್ಮತಮ್ಮಲ್ಲೇ ಅಭ್ಯಾಸ ಮಾಡುತ್ತಿದ್ದ ಈ ಕೂಟಕ್ಕೆ ಪಠ್ಯಕ್ರಮವಾಗಲಿ ನೇಮಕಗೊಂಡ ಗುರುವಾಗಲಿ ಇರಲಿಲ್ಲ; ನಮ್ಮ ಗರಡಿಮನೆಯಲ್ಲಿ ಹಳೆಯ ಪೈಲ್ವಾನರು ಹುಡುಗರ ಮೈಮುಟ್ಟಿ ಪಟ್ಟುಗಳನ್ನು ಹೇಳಿಕೊಡುವ ರೀತಿಯಲ್ಲಿ ಇಲ್ಲಿಯೂ ವಿದ್ಯೆ ಮೈಯಿಂದ ಮೈಗೆ ಸಾಗುತ್ತಿತ್ತು. ಹೊಸದಾಗಿ ಬಂದ ಹುಡುಗನಿಗೆ ಮೊದಲು ಕಲಿಸುತ್ತಿದ್ದುದು ಮುನ್ನಡೆಸುವುದನ್ನಲ್ಲ, ಅನುಸರಿಸುವುದನ್ನು. ಹಿರಿಯನೊಬ್ಬ ಅವನನ್ನು ಅಪ್ಪಿ ಹಿಡಿದು, ಸಭಾಂಗಣದಲ್ಲಿ ಹೆಂಗಸರು ಇಡುವ ಹೆಜ್ಜೆಗಳನ್ನೇ ಅವನಿಂದ ಹಾಕಿಸಿ, ತಿಂಗಳುಗಟ್ಟಲೆ ಹೀಗೆ ನಡೆಸಿದ ಮೇಲಷ್ಟೇ ಇನ್ನೊಬ್ಬನನ್ನು ಮುನ್ನಡೆಸಲು ಬಿಡುತ್ತಿದ್ದನೆಂದು ಆ ತಲೆಮಾರಿನ ನೃತ್ಯಗಾರರು ಮುಂದೆ ಸಂದರ್ಶನಗಳಲ್ಲಿ ನೆನೆಸಿಕೊಂಡಿದ್ದಾರೆ. ಈ ಕ್ರಮದಿಂದ ಒದಗುತ್ತಿದ್ದ ತಿಳಿವಳಿಕೆ ಸಣ್ಣದಲ್ಲ. ಎದುರಿನವರ ತೂಕ ಯಾವ ಕಾಲಿನ ಮೇಲಿದೆ, ಎದೆಯ ಯಾವ ಚಲನೆ ಹೆಜ್ಜೆಗೆ ಆಹ್ವಾನವಾಗುತ್ತದೆ, ಯಾವುದು ಬರಿಯ ನೂಕಾಟವಾಗುತ್ತದೆ ಎಂಬುದನ್ನು ಆ ಹುಡುಗ ಮೊದಲು ತನ್ನ ಮೈಮೇಲೆಯೇ ಅನುಭವಿಸಿರುತ್ತಿದ್ದ. ಕೊನೆಗೊಂದು ದಿನ ಹಿರಿಯರು ಅವನನ್ನು ಸಭಾಂಗಣಕ್ಕೆ ಕರೆದೊಯ್ದು, ಪರಿಚಯದ ಹೆಂಗಸೊಬ್ಬರಲ್ಲಿ ಅವನೊಡನೆ ಕುಣಿಯುವಂತೆ ಕೇಳಿಕೊಳ್ಳುತ್ತಿದ್ದರು; ಆ ಮೊದಲ ಸುತ್ತನ್ನು ಉಳಿದ ಹೆಂಗಸರೆಲ್ಲ ತಮ್ಮ ಮೇಜುಗಳಿಂದಲೇ ನೋಡಿ ಅವನ ಯೋಗ್ಯತೆಯನ್ನು ಅಳೆಯುತ್ತಿದ್ದರು.

ಹೆಣ್ಣುಮಕ್ಕಳ ಕಲಿಕೆಯ ದಾಖಲೆ ಇದಕ್ಕಿಂತ ತೆಳುವಾದದ್ದು. ಅವರು ಮನೆಯೊಳಗೆ ತಾಯಿ, ಚಿಕ್ಕಮ್ಮ, ಅಕ್ಕತಂಗಿಯರಿಂದಲೂ ಪ್ರಾಕ್ತಿಕಾದಿಂದ ಮರಳಿದ ಅಣ್ಣಂದಿರಿಂದಲೂ ಕಲಿಯುತ್ತಿದ್ದರು. ಕ್ಲಬ್ಬಿಗೆ ಬರುವಾಗ ತಾಯಿ ಜೊತೆಗಿರುವುದು ರೂಢಿಯಾಗಿತ್ತು. ಶುಲ್ಕ ಪಡೆದು ಕಲಿಸುವ ಅಕಾಡೆಮಿಗಳು ಇರಲಿಲ್ಲವೆಂದಲ್ಲ. ಎಲ್ ಕಚಾಫಾಸ್ ಎಂಬ ಅಡ್ಡಹೆಸರಿನಿಂದ ಪ್ರಸಿದ್ಧನಾಗಿ 1942ರಲ್ಲಿ ತೀರಿಕೊಂಡ ಓವಿದಿಯೋ ಹೊಸೇ ಬಿಯಾಂಕೆಟ್‌ನಂತಹ ನಿಪುಣರು ಉಳ್ಳವರಿಗೆ ಪಾಠ ಹೇಳಿದ್ದುಂಟು. ಟ್ಯಾಂಗೋ 1913ರ ಸುಮಾರಿಗೆ ಪ್ಯಾರಿಸ್ಸನ್ನು ಗೆದ್ದು, ಜರ್ಮನಿಯ ಚಕ್ರವರ್ತಿ ತನ್ನ ಅಧಿಕಾರಿಗಳು ಸಮವಸ್ತ್ರದಲ್ಲಿ ಅದನ್ನು ಕುಣಿಯಕೂಡದೆಂದು ನಿಷೇಧಿಸುವಷ್ಟರ ಮಟ್ಟಿಗೆ ಹರಡಿದ ಮೇಲೆ, ತಾಯ್ನಾಡಿನ ಮೇಲ್ವರ್ಗದವರಿಗೂ ಅದು ಕಲಿಯತಕ್ಕದ್ದಾಗಿ ಕಂಡಿತು. ಆದರೆ ಬಡಾವಣೆಗಳ ಕಲಿಕೆ ಈ ಹೊಸ ಗೌರವದಿಂದ ಹೆಚ್ಚೇನೂ ಬದಲಾಗಲಿಲ್ಲ.

1935ರಿಂದ 1955ರವರೆಗಿನ ಎರಡು ದಶಕಗಳನ್ನು ಟ್ಯಾಂಗೋದ ಸುವರ್ಣಯುಗವೆಂದು ಕರೆಯುವುದು ವಾಡಿಕೆ. ಹುವಾನ್ ದಾರಿಯೆನ್ಸೋ ಚುರುಕಾದ, ಒತ್ತು ಸ್ಪಷ್ಟವಾಗಿ ಕೇಳುವ ಲಯದಿಂದ ಜನರನ್ನು ಮತ್ತೆ ಅಂಕಣಕ್ಕಿಳಿಸಿದ. 1937ರಲ್ಲಿ ಅನೀಬಲ್ ತ್ರೋಯ್ಲೋ, 1939ರಲ್ಲಿ ಓಸ್ವಾಲ್ದೋ ಪುಗ್ಲಿಯೇಸೆ ತಂತಮ್ಮ ವಾದ್ಯವೃಂದಗಳೊಡನೆ ರಂಗಕ್ಕೆ ಬಂದರು. ಸಂಗೀತ ಇಷ್ಟು ಶ್ರೀಮಂತವಾಗಿದ್ದಾಗ ಪ್ರಾಕ್ತಿಕಾಗಳಲ್ಲಿ ಪ್ರಯೋಗವೂ ಬಿರುಸಾಯಿತು. ಪೆತ್ರೋಲಿಯೋ ಎಂಬ ಅಡ್ಡಹೆಸರಿನ ಕಾರ್ಲೋಸ್ ಎಸ್ತೇವೆಸ್ ಮತ್ತು ಅವನ ಗೆಳೆಯರು 1940ರ ದಶಕದಲ್ಲಿ ಗಿರೋ, ಅಂದರೆ ಒಬ್ಬರ ಸುತ್ತ ಇನ್ನೊಬ್ಬರು ತಿರುಗುವ ಚಲನೆಯನ್ನು ಬೆಳೆಸಿದ್ದು ಇಂತಹ ಕೂಟಗಳಲ್ಲಿಯೇ.

ಕುಣಿಯುವ ಸಾರ್ವಜನಿಕ ಕೂಟಕ್ಕೆ ಮಿಲೋಂಗಾ ಎಂದು ಹೆಸರು. ಅಲ್ಲಿನ ನಿಯಮಗಳು ಹೊರಗಿನವರಿಗೆ ಒಣ ಶಿಷ್ಟಾಚಾರವಾಗಿ ಕಾಣಬಹುದಾದರೂ ಅವುಗಳ ಹಿಂದೆ ಆ ಸಮಾಜದ ಲೆಕ್ಕಾಚಾರವಿತ್ತು. ಜೋಡಿಗಳೆಲ್ಲ ರೋಂದಾ ಎಂಬ ವರ್ತುಲದಲ್ಲಿ ಅಪ್ರದಕ್ಷಿಣವಾಗಿ ಸಾಗಬೇಕು, ಮುಂದಿನ ಜೋಡಿಯನ್ನು ಹಿಂದೆ ಹಾಕಬಾರದು. ಒಂದೇ ವಾದ್ಯವೃಂದದ ಮೂರು ಅಥವಾ ನಾಲ್ಕು ಹಾಡುಗಳ ಗುಚ್ಛವಾದ ತಾಂದಾ ಮುಗಿಯುವವರೆಗೆ ಜೋಡಿ ಬದಲಾಗುವುದಿಲ್ಲ. ನಡುವೆಯೇ 'ಗ್ರಾಸಿಯಾಸ್' ಎಂದರೆ, ಅಂದರೆ ವಂದನೆ ಹೇಳಿದರೆ, ಇಷ್ಟು ಸಾಕು ಎಂದೇ ಅರ್ಥ, ಹೊಸಬರು ಸೌಜನ್ಯಕ್ಕೆಂದು ಮೊದಲ ಹಾಡಿಗೇ ಅದನ್ನು ಹೇಳಿ ಜೊತೆಗಾರರನ್ನು ನೋಯಿಸುವುದುಂಟು. ಈ ಎಲ್ಲವುಗಳಿಗಿಂತ ಸೂಕ್ಷ್ಮವಾದದ್ದು ಕಬೆಸೇವೋ. ಗಂಡಸು ತಾನು ಬಯಸಿದ ಹೆಂಗಸಿನತ್ತ ದೂರದಿಂದಲೇ ನೋಟ ಬೀರುತ್ತಾನೆ. ಆಕೆ ಕಣ್ಣು ಕೂಡಿಸಿದರೆ ಅವನು ತಲೆಯನ್ನು ತುಸು ವಾಲಿಸುತ್ತಾನೆ, ಆಕೆಯೂ ಅಷ್ಟೇ ಮೆಲ್ಲಗೆ ಒಪ್ಪಿಗೆ ಸೂಚಿಸುತ್ತಾಳೆ, ಒಲ್ಲದಿದ್ದರೆ ಬೇರೆಡೆ ನೋಡುತ್ತಾಳೆ. ಒಪ್ಪಿದ ಮೇಲೂ ಅವನು ಎದುರಿಗೆ ಬಂದು ನಿಲ್ಲುವವರೆಗೆ ಆಕೆ ಕುರ್ಚಿಯಿಂದ ಏಳುವುದಿಲ್ಲ, ಏಕೆಂದರೆ ಆ ನೋಟ ಹಿಂದಿನ ಮೇಜಿನವರಿಗೆ ಸಂದದ್ದಾಗಿರುವ ಸಂಭವ ಇದ್ದೇ ಇರುತ್ತದೆ. ನಿರಾಕರಣೆ ನಡೆದರೂ ಅದು ನೆರೆಯವರ ಕಣ್ಣಿಗೆ ಬೀಳದು; ತುಂಬಿದ ಸಭೆಯಲ್ಲಿ ಗಂಡಸಿನ ಮಾನವೂ ಹೆಣ್ಣಿನ ಸ್ವಾತಂತ್ರ್ಯವೂ ಒಟ್ಟಿಗೆ ಉಳಿಯುತ್ತವೆ. ಇದು ವ್ಯವಹಾರಕುಶಲ ಏರ್ಪಾಡು, ಇದರಲ್ಲಿ ಪ್ರಣಯದ ರಹಸ್ಯವನ್ನೇ ಹುಡುಕುವ ಪ್ರವಾಸ ಬರಹಗಳನ್ನು ಅಷ್ಟಾಗಿ ನಂಬಬೇಕಾಗಿಲ್ಲ.

1955ರ ಸೆಪ್ಟೆಂಬರಿನಲ್ಲಿ ಸೈನ್ಯವು ಅಧ್ಯಕ್ಷ ಪೆರೋನ್‌ನನ್ನು ಪದಚ್ಯುತಗೊಳಿಸಿದ ಬಳಿಕ ಈ ಜಗತ್ತು ಕುಗ್ಗತೊಡಗಿತು. ಜನ ಗುಂಪುಗೂಡುವುದರ ಬಗ್ಗೆ ಹೊಸ ಆಡಳಿತಕ್ಕಿದ್ದ ಶಂಕೆ ಒಂದು ಕಾರಣವಾದರೆ, ರಾಕ್ ಎಂಡ್ ರೋಲ್ ಮತ್ತು ದೂರದರ್ಶನ ಇನ್ನೊಂದು. ಜೋಡಿ ಹಿಡಿಯದೆ, ಯಾರಿಂದಲೂ ಕಲಿಯದೆ ಕುಣಿಯಬಹುದಾದ ನೃತ್ಯಗಳು ಬಂದ ಮೇಲೆ ತಿಂಗಳುಗಟ್ಟಲೆ ಅನುಸರಿಸುವ ಅಭ್ಯಾಸಕ್ಕೆ ಹುಡುಗರು ಸಿಗಲಿಲ್ಲ. ಸಂಗೀತ ಧ್ವನಿಮುದ್ರಿಕೆಗಳಲ್ಲಿ ಉಳಿಯಿತು, ಪ್ರಾಕ್ತಿಕಾ ಮಾತ್ರ ಒಂದು ತಲೆಮಾರು ತಪ್ಪಿಹೋಯಿತು.

1976ರಲ್ಲಿ ಆರಂಭವಾದ ಮಿಲಿಟರಿ ಆಳ್ವಿಕೆ 1983ರ ಡಿಸೆಂಬರಿನಲ್ಲಿ ಕೊನೆಗೊಂಡಿತು. ಅದೇ ವರ್ಷದ ನವೆಂಬರಿನಲ್ಲಿ ಕ್ಲೌದಿಯೋ ಸೆಗೋವಿಯಾ ಮತ್ತು ಎಕ್ತೋರ್ ಒರೆಸ್ಸೋಲಿ ಅವರು ರೂಪಿಸಿದ 'ಟ್ಯಾಂಗೋ ಆರ್ಹೆಂತೀನೋ' ಪ್ರದರ್ಶನವು ಪ್ಯಾರಿಸ್ಸಿನಲ್ಲಿ ಮೊದಲ ಸಲ ರಂಗವೇರಿ, 1985ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ತಲುಪಿತು. ಹುವಾನ್ ಕಾರ್ಲೋಸ್ ಕೋಪೆಸ್ ಮತ್ತು ಮರಿಯಾ ನಿಯೇವೆಸ್ ಜೋಡಿಯನ್ನು ಕಂಡ ಪ್ರೇಕ್ಷಕರು ತಾವೂ ಕಲಿಯಬೇಕೆಂದು ಹೊರಟರು. ತಾಯ್ನಾಡಿನಲ್ಲಿಯೂ, ಪ್ರಜಾಪ್ರಭುತ್ವ ಮರಳಿದ ಮೇಲೆ ನಗರಾಡಳಿತ ಬಡಾವಣೆಗಳಲ್ಲಿ ತೆರೆದ ಸಾಂಸ್ಕೃತಿಕ ಕೇಂದ್ರಗಳಿಗೆ ಯುವಕ ಯುವತಿಯರು ಬಂದರು. ಒಬ್ಬನಿಗೊಬ್ಬ ಹಿರಿಯ ಎಂಬ ಹಳೆಯ ಪದ್ಧತಿ ಇಷ್ಟು ಜನರಿಗೆ ಸಾಲುವಂತಿರಲಿಲ್ಲ, ಹೀಗಾಗಿ ಸಾಮೂಹಿಕ ತರಗತಿಯೇ ಕಲಿಕೆಯ ಮುಖ್ಯ ಮಾರ್ಗವಾಯಿತು.

ತರಗತಿಗೆ ಎಣಿಸಬಹುದಾದ, ಎಲ್ಲರೂ ಒಟ್ಟಿಗೆ ಮಾಡಬಹುದಾದ ಪಾಠ ಬೇಕು. ಅದಕ್ಕೆ ಒದಗಿದ್ದು ಪಾಸೋ ಬಾಸಿಕೋ, ಅಂದರೆ ಎಂಟು ಎಣಿಕೆಯ ಮೂಲ ಹೆಜ್ಜೆಗಳ ಸರಣಿ. ಮುನ್ನಡೆಸುವವನು ಮೊದಲ ಎಣಿಕೆಗೆ ಬಲಗಾಲನ್ನು ಹಿಂದಿಟ್ಟು, ಎರಡಕ್ಕೆ ಪಕ್ಕಕ್ಕೆ ತೆರೆದು, ಮುಂದೆ ನಡೆದು, ಐದನೆಯ ಎಣಿಕೆಗೆ ಜೊತೆಗಾತಿಯ ಪಾದಗಳು ಒಂದರ ಮೇಲೊಂದು ಹೆಣೆದುಕೊಳ್ಳುವ ಕ್ರೂಸೆಗೆ ತಂದು, ಎಂಟಕ್ಕೆ ಮುಗಿಸುತ್ತಾನೆ. ಕನ್ನಡಿಯೆದುರಿನ ಖಾಲಿ ಕೋಣೆಯಲ್ಲಿ ಇದು ಅನುಕೂಲವಾದ ಪಾಠ. ಆದರೆ ಮಿಲೋಂಗಾದ ವರ್ತುಲದಲ್ಲಿ ಆ ಮೊದಲ ಹಿಂಬದಿ ಹೆಜ್ಜೆ ಹಿಂದಿನಿಂದ ಬರುತ್ತಿರುವ ಜೋಡಿಯ ಕಾಲಿಗೇ ಹೋಗಿ ತಗಲುತ್ತದೆ. ಹಳಬರು ತರಗತಿಯಲ್ಲಿ ಕಲಿತವರ ಮೇಲೆ ಸಿಡಿಮಿಡಿಗೊಂಡದ್ದಕ್ಕೆ ಈ ಒಂದು ಹೆಜ್ಜೆ ದೊಡ್ಡ ಕಾರಣ. ಆ ಕೋಪವನ್ನು ಮುದುಕರ ಗೊಣಗಾಟವೆಂದು ತಳ್ಳಿಹಾಕುವುದು ಸರಿಯಲ್ಲ.

ತರಗತಿಯ ಕೊರತೆಗಳನ್ನು ತರಗತಿಯೊಳಗಿನಿಂದಲೇ ತುಂಬುವ ಯತ್ನಗಳು 1990ರ ದಶಕದಲ್ಲಿ ಕಂಡುಬಂದವು. ಸುಸಾನಾ ಮಿಲ್ಲರ್ ಇಕ್ಕಟ್ಟಾದ ಸಭಾಂಗಣಗಳಲ್ಲಿ ಎದೆಗೆದೆ ತಾಗಿಸಿ ಕುಣಿಯುವ ರೀತಿಯನ್ನು ಮಿಲೋಂಗೇರೋ ಶೈಲಿಯೆಂಬ ಹೆಸರಿನಲ್ಲಿ ಕಲಿಸಿದರು. ಗುಸ್ತಾವೋ ನವೇಯ್ರಾ ಮತ್ತು ಫಾಬಿಯಾನ್ ಸಾಲಾಸ್ ಗೆಳೆಯರೊಡನೆ ಸೇರಿ ಹೆಜ್ಜೆಗಳನ್ನು ಬಿಡಿಸಿ ನೋಡಿ, ಸರಣಿಗಳ ಕೆಳಗಿರುವ ಚಲನೆಯ ತರ್ಕವನ್ನು ಹುಡುಕಿದರು. 2000ದ ಬಳಿಕ ಎರಡೂ ಪಾತ್ರಗಳನ್ನು ಎಲ್ಲರಿಗೂ ಕಲಿಸುವ ಕೂಟಗಳು ಹುಟ್ಟಿಕೊಂಡು, ಗಂಡಸರು ಅನುಸರಿಸಲೂ ಹೆಂಗಸರು ಮುನ್ನಡೆಸಲೂ ಕಲಿಯುವಂತಾದರೂ, ಅವುಗಳ ಉದ್ದೇಶ ಹಳೆಯ ಪ್ರಾಕ್ತಿಕಾದ ಉದ್ದೇಶಕ್ಕಿಂತ ತೀರ ಬೇರೆ. 2003ರಿಂದ ನಗರವು ವಿಶ್ವ ಚಾಂಪಿಯನ್‌ಷಿಪ್ ನಡೆಸುತ್ತಿದೆ. 2009ರಲ್ಲಿ ಅರ್ಜೆಂಟೀನಾ ಮತ್ತು ಉರುಗ್ವೆ ಜಂಟಿಯಾಗಿ ಸಲ್ಲಿಸಿದ ಪ್ರಸ್ತಾವದ ಮೇರೆಗೆ ಯುನೆಸ್ಕೋ ಟ್ಯಾಂಗೋವನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಷ್ಟರಲ್ಲಿ ಹಣದ ಹರಿವೂ ದಿಕ್ಕು ಬದಲಿಸಿತ್ತು. 1940ರ ದಶಕದಲ್ಲಿ ಬಡಾವಣೆಯ ಹುಡುಗನಿಗೆ ಕಲಿಕೆ ಬಿಟ್ಟಿಯಾಗಿ ಸಿಗುತ್ತಿತ್ತು, ಟಿಕೆಟಿನ ಹಣ ವಾದ್ಯವೃಂದಗಳನ್ನು ಸಾಕುತ್ತಿತ್ತು. ಈಗಿನ ಬಹುತೇಕ ಮಿಲೋಂಗಾಗಳಲ್ಲಿ ನುಡಿಸುವುದು ಅದೇ ವಾದ್ಯವೃಂದಗಳ ಹಳೆಯ ಧ್ವನಿಮುದ್ರಿಕೆಗಳನ್ನು. ಎಷ್ಟೋ ಕಡೆ ಕೂಟಕ್ಕೆ ಮೊದಲು ಒಂದು ತರಗತಿ ನಡೆಯುತ್ತದೆ, ಟ್ಯಾಂಗೋವನ್ನೇ ನೆಚ್ಚಿ ಬದುಕುವವರಲ್ಲಿ ದೊಡ್ಡ ಪಾಲು ಈಗ ಶಿಕ್ಷಕರದು.