ಡಾಕ್ಟರನ್ನು ಆರಿಸುವವರು ಯಾರು?

ಅಮೆರಿಕದಲ್ಲಿ ಹೊಸ ಕೆಲಸಕ್ಕೆ ಸೇರಿದವರು ಮೊದಲ ತಿಂಗಳೊಳಗೆ ತುಂಬಬೇಕಾದ ಅರ್ಜಿಗಳಲ್ಲಿ ಆರೋಗ್ಯ ವಿಮೆಯದೂ ಒಂದು. ಕೆಲವು ಪ್ಲಾನುಗಳಲ್ಲಿ, ಅದರಲ್ಲೂ ಎಚ್‌ಎಂಒ ಎಂಬ ಬಗೆಯವುಗಳಲ್ಲಿ, ‘ಪ್ರೈಮರಿ ಕೇರ್ ಡಾಕ್ಟರ್’ ಎಂಬ ಖಾನೆ ಇರುತ್ತದೆ. ಇಲ್ಲಿನ ಕನ್ನಡಿಗರ ಬಾಯಲ್ಲಿ ಅದು ಬರೀ ‘ಪಿಸಿಪಿ’. ಜ್ವರ ಬಂದರೂ ಮಂಡಿ ನೋವಾದರೂ ಮೊದಲು ಇವರ ಬಳಿಯೇ ಹೋಗಬೇಕು. ಚರ್ಮದ ಡಾಕ್ಟರೋ ಹೃದಯದ ಡಾಕ್ಟರೋ ಬೇಕಾದರೆ ಸಾಮಾನ್ಯವಾಗಿ ಇವರ ಚೀಟಿ ಬೇಕು. ಖಾನೆಯನ್ನು ಖಾಲಿ ಬಿಟ್ಟರೆ ವಿಮಾ ಕಂಪನಿಯೇ ಯಾರಾದರೂ ಒಬ್ಬರನ್ನು ಗೊತ್ತುಮಾಡಿಬಿಡುತ್ತದೆ.

ನಾನು ಕ್ಯಾಲಿಫೋರ್ನಿಯಾಕ್ಕೆ ಬಂದು ಬಹಳ ವರ್ಷವಾಯಿತು. ಹೊಸದಾಗಿ ಬಂದ ಹುಡುಗ ಹುಡುಗಿಯರು ಫೋನ್ ಮಾಡಿ, “ಅಕ್ಕಾ, ಪಿಸಿಪಿಗೆ ಯಾರ ಹೆಸರು ಹಾಕಲಿ?” ಎಂದು ಕೇಳುತ್ತಾರೆ. ಹೆಸರು ಹೇಳುವುದು ಸುಲಭ. ಅದಕ್ಕಿಂತ ಹಿಂದಿನ ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ: ನನ್ನ ಕಾಯಿಲೆಗೆ ಡಾಕ್ಟರು ಯಾರು ಎಂಬ ವಿಷಯಕ್ಕೆ, ನನಗೆ ಸಂಬಳ ಕೊಡುವ ಕಂಪನಿಗೂ ಏನು ಸಂಬಂಧ? ಈ ಸಂಬಂಧ ಬೆಳೆದುಬಂದ ದಾರಿಯನ್ನು ಓದಿಕೊಂಡ ಮೇಲೆ, ಆ ಪುಟ್ಟ ಖಾನೆ ನನಗೆ ಬೇರೆಯೇ ಥರ ಕಾಣತೊಡಗಿದೆ.

ಶುರುವಾದದ್ದು ಕಾಡು ಮತ್ತು ಗಣಿಗಳಲ್ಲಿ. ಮರ ಕಡಿಯುವ ಶಿಬಿರ, ಕಲ್ಲಿದ್ದಲ ಗಣಿ, ರೈಲು ಹಳಿ ಹಾಕುವ ಜಾಗಗಳಲ್ಲಿ ಹತ್ತಿರದಲ್ಲಿ ಡಾಕ್ಟರೇ ಇರುತ್ತಿರಲಿಲ್ಲ. ಕಂಪನಿಯೇ ಒಬ್ಬರನ್ನು ಕರೆತಂದು, ಅವರ ಖರ್ಚನ್ನು ಕೂಲಿಯವರ ಸಂಬಳದಿಂದ ಪ್ರತಿ ತಿಂಗಳೂ ಹಿಡಿದುಕೊಳ್ಳುತ್ತಿತ್ತು. ಹಣ ಕಾರ್ಮಿಕನದು, ಡಾಕ್ಟರು ಕಂಪನಿಯವರು. ಗಣಿಯಲ್ಲಿ ಕೈ ಮುರಿದುಕೊಂಡವನಿಗೆ ಎಷ್ಟು ಪೆಟ್ಟಾಗಿದೆ ಎಂದು ಬರೆದುಕೊಡಬೇಕಾದವರು, ಪರಿಹಾರ ಕೊಡಬೇಕಾದ ಮಾಲೀಕನೇ ನೇಮಿಸಿದವರು. ಗಣಿ ಕಾರ್ಮಿಕರಿಗೆ ಇದು ದಶಕಗಳ ಸಿಟ್ಟು. 1946ರ ಮುಷ್ಕರದ ಹೊತ್ತಿನಲ್ಲಿ ಸರ್ಕಾರ ಗಣಿಗಳನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಆಗ ಕಾರ್ಮಿಕ ನಾಯಕ ಜಾನ್ ಎಲ್. ಲೂಯಿಸ್ ಮತ್ತು ಒಳಾಡಳಿತ ಕಾರ್ಯದರ್ಶಿ ಜೂಲಿಯಸ್ ಕ್ರುಗ್ ಮಾಡಿಕೊಂಡ ಒಪ್ಪಂದದಲ್ಲಿ, ವೈದ್ಯಕೀಯಕ್ಕೆಂದು ಹಿಡಿಯುವ ಹಣದ ಉಸ್ತುವಾರಿ ಕಂಪನಿಯ ಕೈತಪ್ಪಿ ಕಾರ್ಮಿಕರ ಕಡೆಗೆ ಬಂತು. ಕೂಲಿ ಹೆಚ್ಚಳದಷ್ಟೇ ದೊಡ್ಡ ಬೇಡಿಕೆ ಅದಾಗಿತ್ತು.

ಅಷ್ಟರಲ್ಲಿ ಪಟ್ಟಣಗಳಲ್ಲಿ ಬೇರೊಂದು ಕಥೆ ನಡೆದಿತ್ತು. 1929ರಲ್ಲಿ ಟೆಕ್ಸಸ್‌ನ ಡಲ್ಲಾಸ್‌ನಲ್ಲಿ ಜಸ್ಟಿನ್ ಫೋರ್ಡ್ ಕಿಂಬಲ್ ಎಂಬುವರು ಬೇಲರ್ ಆಸ್ಪತ್ರೆಯ ಆಡಳಿತ ನೋಡಿಕೊಳ್ಳುತ್ತಿದ್ದರು. ಊರಿನ ಶಾಲಾ ಶಿಕ್ಷಕರು ಆಸ್ಪತ್ರೆಯ ಬಿಲ್ಲು ಕಟ್ಟಲಾಗದೆ ಒದ್ದಾಡುವುದನ್ನು ಕಂಡು, ತಿಂಗಳಿಗೆ 50 ಸೆಂಟ್ ಕಟ್ಟಿದರೆ ವರ್ಷಕ್ಕೆ 21 ದಿನ ಆಸ್ಪತ್ರೆ ವಾಸ ಎಂಬ ಏರ್ಪಾಡು ಮಾಡಿದರು. ಬ್ಲೂ ಕ್ರಾಸ್ ವಿಮೆಯ ಬೇರು ಇಲ್ಲಿದೆ. ಅದು ಹಾಸಿಗೆಯ ಖರ್ಚಿನ ವಿಮೆ. ಡಾಕ್ಟರು ಯಾರಿರಬೇಕು ಎಂಬ ಗೋಜಿಗೆ ಅದು ಹೋಗಲಿಲ್ಲ.

ಆ ಗೋಜಿಗೆ ಹೋದವರು ಸಿಡ್ನಿ ಗಾರ್‌ಫೀಲ್ಡ್ ಎಂಬ ತರುಣ ಸರ್ಜನ್. 1933ರಲ್ಲಿ ಲಾಸ್ ಏಂಜಲೀಸ್‌ಗೆ ಕೊಲರಾಡೊ ನದಿಯ ನೀರು ತರುವ ಕಾಲುವೆಯ ಕೆಲಸ ನಡೆದಿತ್ತು. ಗಾರ್‌ಫೀಲ್ಡ್ ಮೊಹಾವಿ ಮರುಭೂಮಿಯಲ್ಲಿ 12 ಹಾಸಿಗೆಯ ಆಸ್ಪತ್ರೆ ಕಟ್ಟಿ, ಕಾಯಿಲೆ ಬಿದ್ದ ಮೇಲೆ ಹಣ ಕೇಳಿದರೆ ಆಸ್ಪತ್ರೆ ಉಳಿಯುವುದಿಲ್ಲ ಎಂಬುದನ್ನು ಬೇಗನೆ ಕಂಡುಕೊಂಡರು. ಕೆಲಸದಲ್ಲಿ ಆಗುವ ಗಾಯಗಳಿಗೆ ತಲೆಗೆ ದಿನಕ್ಕೆ 5 ಸೆಂಟ್ ವಿಮಾ ಕಂಪನಿಯಿಂದ ಮುಂಗಡವಾಗಿ ಬರತೊಡಗಿತು. ಇನ್ನೊಂದು 5 ಸೆಂಟನ್ನು ಕಾರ್ಮಿಕನೇ ಕೊಟ್ಟರೆ ಉಳಿದ ಕಾಯಿಲೆಗಳಿಗೂ ಚಿಕಿತ್ಸೆ. ಮುಂದೆ ಉದ್ಯಮಿ ಹೆನ್ರಿ ಕೈಸರ್ ಜೊತೆಗೂಡಿ ಇದನ್ನೇ 1938ರಲ್ಲಿ ಗ್ರಾಂಡ್ ಕೂಲಿ ಅಣೆಕಟ್ಟಿಗೆ, ಯುದ್ಧದ ಕಾಲದಲ್ಲಿ ರಿಚ್ಮಂಡ್‌ನ ಹಡಗುಕಟ್ಟೆಗಳಿಗೆ ಒಯ್ದರು. 1945ರಲ್ಲಿ ಅದು ಸಾರ್ವಜನಿಕರಿಗೂ ತೆರೆಯಿತು. ಈ ಕ್ರಮದಲ್ಲಿ ಡಾಕ್ಟರುಗಳು ಒಂದು ಗುಂಪಾಗಿ, ಒಂದೇ ಸೂರಿನಡಿ ಕೆಲಸ ಮಾಡುತ್ತಾರೆ. ನಿಮ್ಮ ಆಯ್ಕೆ ಆ ಸೂರಿನಡಿ ಇರುವವರಲ್ಲಿ ಮಾತ್ರ.

ಖಾಸಗಿ ಡಾಕ್ಟರುಗಳ ಸಂಘಕ್ಕೆ ಇದು ಹಿಡಿಸಲಿಲ್ಲ. ‘ರೋಗಿಗೆ ತನ್ನ ಡಾಕ್ಟರನ್ನು ಆರಿಸುವ ಸ್ವಾತಂತ್ರ್ಯ ಬೇಕು’ ಎಂಬ ಮಾತು ಅಲ್ಲಿ ಜೋರಾಗಿ ಕೇಳಿಬಂದದ್ದು ಡಾಕ್ಟರುಗಳ ಬಾಯಿಂದ. ಮಾತಿನಲ್ಲಿ ಸತ್ಯವಿತ್ತು, ಸ್ವಾರ್ಥವೂ ಇತ್ತು. 1937ರಲ್ಲಿ ವಾಷಿಂಗ್ಟನ್‌ನಲ್ಲಿ ಸರ್ಕಾರಿ ನೌಕರರು ಗ್ರೂಪ್ ಹೆಲ್ತ್ ಅಸೋಸಿಯೇಷನ್ ಎಂಬ ಸಹಕಾರಿ ಸಂಸ್ಥೆ ಕಟ್ಟಿ ತಾವೇ ಡಾಕ್ಟರುಗಳನ್ನು ಸಂಬಳಕ್ಕೆ ಇಟ್ಟುಕೊಂಡರು. ಆ ಡಾಕ್ಟರುಗಳನ್ನು ಸಂಘದಿಂದ ಹೊರಹಾಕುವ ಬೆದರಿಕೆ ಬಂತು, ಊರಿನ ಆಸ್ಪತ್ರೆಗಳ ಬಾಗಿಲು ಅವರಿಗೆ ಮುಚ್ಚಿತು. ಸರ್ಕಾರ ಮೊಕದ್ದಮೆ ಹೂಡಿತು. 1943ರಲ್ಲಿ ಸುಪ್ರೀಂ ಕೋರ್ಟು ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ತಪ್ಪಿತಸ್ಥ ಎಂಬ ತೀರ್ಪನ್ನು ಎತ್ತಿಹಿಡಿಯಿತು. ದಂಡ 2,500 ಡಾಲರ್. ಸ್ವಾತಂತ್ರ್ಯದ ಹೆಸರಿನಲ್ಲಿ ಜನರ ಒಂದು ಆಯ್ಕೆಯನ್ನೇ ಮುಚ್ಚಲು ಹೊರಟಿದ್ದವರಿಗೆ ಕಾನೂನು ಕೊಟ್ಟ ಉತ್ತರ ಅದು.

ಇಷ್ಟಾದರೂ, ಬಹುಪಾಲು ಜನರ ವಿಮೆ ಕಂಪನಿಗೆ ಅಂಟಿಕೊಂಡದ್ದು ಇವುಗಳಿಂದಲ್ಲ, ಯುದ್ಧದಿಂದ. 1942ರಲ್ಲಿ ಬೆಲೆಯೇರಿಕೆ ತಡೆಯಲು ಸರ್ಕಾರ ಸಂಬಳಕ್ಕೆ ಮಿತಿ ಹಾಕಿತು. ಕೆಲಸಗಾರರ ಬರ ಇದ್ದ ಕಾಲ. ಸಂಬಳ ಏರಿಸುವಂತಿಲ್ಲ, ವಿಮೆಯಂಥ ಸೌಲಭ್ಯ ಮಾತ್ರ ಕೊಡಬಹುದು. ಕಂಪನಿಗಳು ಅದನ್ನೇ ಕೊಟ್ಟು ಜನರನ್ನು ಸೆಳೆದವು. ಕಂಪನಿ ಕಟ್ಟುವ ವಿಮಾ ಹಣದ ಮೇಲೆ ನೌಕರನಿಗೆ ಆದಾಯ ತೆರಿಗೆ ಇಲ್ಲ ಎಂಬುದನ್ನು 1954ರ ತೆರಿಗೆ ಸಂಹಿತೆ ಗಟ್ಟಿ ಮಾಡಿತು. ಒಂದು ಯುದ್ಧಕಾಲದ ಹೊಂದಾಣಿಕೆ ಹೀಗೆ ದೇಶದ ಆರೋಗ್ಯ ವ್ಯವಸ್ಥೆಯ ಕಂಬವಾಗಿ ನಿಂತಿತು.

ಪಿಸಿಪಿ ಎಂಬ ಖಾನೆ ಮನೆಮನೆಗೂ ಬಂದದ್ದು ಆಮೇಲೆ. 1973ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ನಿಕ್ಸನ್ ಎಚ್‌ಎಂಒ ಕಾಯ್ದೆಗೆ ಸಹಿ ಹಾಕಿದರು. 25ಕ್ಕಿಂತ ಕಡಿಮೆಯಿಲ್ಲದಷ್ಟು ನೌಕರರಿದ್ದು ವಿಮೆ ಕೊಡುವ ಕಂಪನಿಗಳು, ಹತ್ತಿರದಲ್ಲಿ ಅರ್ಹ ಎಚ್‌ಎಂಒ ಇದ್ದು ಅದು ಕೇಳಿದರೆ, ಅದನ್ನೂ ಒಂದು ಆಯ್ಕೆಯಾಗಿ ಕೊಡಬೇಕಾಯಿತು. ಖರ್ಚು ಹಿಡಿತದಲ್ಲಿಡಲು ಇಂಥ ಪ್ಲಾನುಗಳು ಪ್ರೈಮರಿ ಡಾಕ್ಟರನ್ನು ದ್ವಾರಪಾಲಕನ ಜಾಗದಲ್ಲಿ ನಿಲ್ಲಿಸಿದವು. ಹಲವು ಕಡೆ ಡಾಕ್ಟರಿಗೆ ತಲಾ ಲೆಕ್ಕದಲ್ಲಿ ತಿಂಗಳಿಗೆ ಇಷ್ಟೆಂದು ಹಣ. ರೋಗಿ ಬಂದರೂ ಅಷ್ಟೇ, ಬಾರದಿದ್ದರೂ ಅಷ್ಟೇ. ಚೀಟಿ ಬರೆಯದಿದ್ದರೆ ಯಾರಿಗೆ ಲಾಭ ಎಂಬ ಅನುಮಾನ ರೋಗಿಗಳಲ್ಲಿ ಹುಟ್ಟಿತು. 1990ರ ದಶಕದಲ್ಲಿ ಜನರ ಸಿಟ್ಟು ಶಾಸನಸಭೆಗಳವರೆಗೂ ಮುಟ್ಟಿತು. 2010ರ ಆರೋಗ್ಯ ಕಾಯ್ದೆಯ ಪ್ರಕಾರ, ಪಿಸಿಪಿ ಕಡ್ಡಾಯವಾಗಿರುವ ಪ್ಲಾನಿನಲ್ಲಿ ಹೊಸ ರೋಗಿಗಳನ್ನು ತೆಗೆದುಕೊಳ್ಳುವ ಯಾವ ಪ್ರೈಮರಿ ಡಾಕ್ಟರನ್ನಾದರೂ ಆರಿಸುವ ಹಕ್ಕು ನಿಮಗಿದೆ. ಮಗುವಿಗೆ ಮಕ್ಕಳ ಡಾಕ್ಟರನ್ನೇ ಹಾಕಬಹುದು. ಹೆಂಗಸರು ಸ್ತ್ರೀರೋಗ ತಜ್ಞರ ಬಳಿ ಹೋಗಲು ಯಾರ ಚೀಟಿಯೂ ಬೇಡ.

ಹಕ್ಕು ಬಂತು, ಆದರೆ ಅದು ಪಟ್ಟಿಯ ಒಳಗಿನ ಹಕ್ಕು. ಪಟ್ಟಿಯನ್ನು ವಿಮಾ ಕಂಪನಿ ಬರೆಯುತ್ತದೆ, ಯಾವ ವಿಮಾ ಕಂಪನಿ ಎಂಬುದನ್ನು ನನಗೆ ಕೆಲಸ ಕೊಟ್ಟವರು ಆರಿಸುತ್ತಾರೆ. ಇದರ ಅರ್ಥ ನನಗಾದದ್ದು ಕೆಲವು ವರ್ಷಗಳ ಹಿಂದೆ ಕೆಲಸ ಬದಲಿಸಿದಾಗ. ಮನೆ ಅದೇ, ಊರು ಅದೇ. ಒಂಬತ್ತು ವರ್ಷ ನನ್ನ ಸಕ್ಕರೆ ಕಾಯಿಲೆ ನೋಡಿಕೊಂಡ ಡಾಕ್ಟರ ಹೆಸರು ಹೊಸ ಪಟ್ಟಿಯಲ್ಲಿ ಇರಲಿಲ್ಲ. ನವೆಂಬರ್‌ನ ರಕ್ತ ಪರೀಕ್ಷೆಯಲ್ಲಿ ಅಂಕಿ ಏರಿದ್ದರೆ, “ದೀಪಾವಳಿ ಜೋರಾಗಿತ್ತು ಅಂತ ಕಾಣುತ್ತೆ” ಎಂದು ನಗುತ್ತಿದ್ದ ಅಮೆರಿಕನ್ ಹೆಂಗಸು ಅವರು. ರಾತ್ರಿ ಜೋಳದ ರೊಟ್ಟಿ, ಮಧ್ಯಾಹ್ನ ಒಂದು ಸೌಟು ಅನ್ನ ಎಂಬ ಒಪ್ಪಂದಕ್ಕೆ ನಾವಿಬ್ಬರೂ ಬರಲು ಮೂರು ವರ್ಷ ಹಿಡಿದಿತ್ತು. ಹೊಸ ಡಾಕ್ಟರು ಒಳ್ಳೆಯವರೇ. ಹದಿನೈದು ನಿಮಿಷದಲ್ಲಿ ಎಲ್ಲ ಓದಿ, “ಅನ್ನ ಬಿಡಿ” ಎಂದರು. ದಾಖಲೆಯಲ್ಲಿ ಅಂಕಿಗಳೆಲ್ಲ ಇದ್ದವು, ಆ ಒಪ್ಪಂದ ಇರಲಿಲ್ಲ.

ದಾವಣಗೆರೆಯಲ್ಲಿ ನಮ್ಮ ಅಪ್ಪ ಕಾಟನ್ ಮಿಲ್ಲಿನ ಕಾರ್ಮಿಕರು. ಅವರಿಗಿದ್ದದ್ದು 1948ರ ಕಾಯ್ದೆಯಿಂದ ಬಂದ ಇಎಸ್‌ಐ. ಮಾಲೀಕರೂ ಕಾರ್ಮಿಕರೂ ಹಣ ಕಟ್ಟುತ್ತಾರೆ, ಆದರೆ ಅದು ಮಿಲ್ಲಿನ ವಿಮೆಯಲ್ಲ, ಸರ್ಕಾರಿ ನಿಗಮದ್ದು. ನಮ್ಮ ಬಡಾವಣೆಗೆ ಗೊತ್ತಾದ ಡಿಸ್ಪೆನ್ಸರಿಯೇ ನಮ್ಮದು. ಆಯ್ಕೆಯ ಮಾತೇ ಇರಲಿಲ್ಲ. ಕ್ಯೂ ಉದ್ದವಿತ್ತು. ಅಪ್ಪ ಒಂದು ಮಿಲ್ಲು ಬಿಟ್ಟು ಇನ್ನೊಂದಕ್ಕೆ ಸೇರಿದಾಗ ಮಾತ್ರ ಡಾಕ್ಟರು ಬದಲಾಗಲಿಲ್ಲ. ಅವರು ಬದಲಾಗುತ್ತಿದ್ದದ್ದು ಸರ್ಕಾರ ವರ್ಗ ಮಾಡಿದಾಗ. ಅದೇ ಮೇಲು ಎಂದು ನಾನು ಹೇಳಲಾರೆ. ಆದರೆ ‘ಆಯ್ಕೆ’ ಮತ್ತು ‘ನಂಟು’ ಎರಡೂ ಬೇರೆ ಎಂಬುದು ಅದನ್ನು ನೆನೆದಾಗ ಸ್ಪಷ್ಟವಾಗುತ್ತದೆ. ಅಮೆರಿಕದ ಎಂಬತ್ತು ತೊಂಬತ್ತು ವರ್ಷಗಳ ಜಗಳವೆಲ್ಲ ಹೆಚ್ಚಾಗಿ ಆಯ್ಕೆಯ ಸುತ್ತ ನಡೆಯಿತು. ನಂಟು ಎಷ್ಟು ದಿನ ಉಳಿಯುತ್ತದೆ ಎಂಬುದು ಇಂದಿಗೂ ನೌಕರಿಯ ಜೊತೆ ಕಟ್ಟಿಹಾಕಿಕೊಂಡೇ ಇದೆ. ವೀಸಾದ ಮೇಲೆ ಬಂದವರಿಗಂತೂ ಕೆಲಸ ಹೋದರೆ ಡಾಕ್ಟರೂ ಹೋದಂತೆ.

ಹಾಗಾಗಿ ಫೋನ್ ಮಾಡುವ ಹುಡುಗರಿಗೆ ನಾನೀಗ ಹೆಸರಿಗಿಂತ ಮೊದಲು ಮೂರು ವಿಚಾರಣೆ ಹೇಳುತ್ತೇನೆ. ಡಾಕ್ಟರ ಆಫೀಸಿಗೇ ಕರೆ ಮಾಡಿ, ಹೊಸ ರೋಗಿಗಳನ್ನು ನಿಜವಾಗಿ ತೆಗೆದುಕೊಳ್ಳುತ್ತಾರೆಯೇ ಕೇಳಿ, ಪಟ್ಟಿಗಳು ಹಳೆಯವಾಗಿರುತ್ತವೆ. ತಜ್ಞರು ಬೇಕಾದಾಗ ಯಾವ ಆಸ್ಪತ್ರೆಯ ಗುಂಪಿಗೆ ಕಳಿಸುತ್ತಾರೆ ಕೇಳಿ. ಪಿಸಿಪಿಯ ಜೊತೆ ನೀವು ಆ ಗುಂಪನ್ನೂ ಆರಿಸುತ್ತಿದ್ದೀರಿ. ಕೊನೆಯದಾಗಿ, ಬೇರೆ ಯಾವ ಯಾವ ಕಂಪನಿಗಳ ವಿಮೆ ಅಲ್ಲಿ ನಡೆಯುತ್ತದೆ ಕೇಳಿ. ನೀವು ಇದೇ ಕೆಲಸದಲ್ಲಿ ಎಷ್ಟು ದಿನ ಇರುತ್ತೀರೋ ಗೊತ್ತಿಲ್ಲ, ಕಾಯಿಲೆ ಮಾತ್ರ ನಿಮ್ಮ ಜೊತೆಗೇ ಬರುತ್ತದೆ.