ಸುಣ್ಣದ ನೀರು ಮತ್ತು ಒಂದು ಹಳೆಯ ರೇಡಿಯೇಟರ್

ಮೇ ತಿಂಗಳ ಮಧ್ಯಾಹ್ನ ವಾಡಿಯ ರಸ್ತೆಬದಿಯಲ್ಲಿ ಹಳೆಯ ಪಿಕಪ್ ಗಾಡಿಯೊಂದು ಬಾನೆಟ್ ತೆರೆದು ಉಗಿ ಬಿಡುತ್ತ ನಿಂತಿದ್ದರೆ ಯಾರಿಗೂ ಅಚ್ಚರಿಯಿಲ್ಲ. ಚಾಲಕ ಕ್ಯಾನು ಹಿಡಿದು ಹತ್ತಿರದ ಬೋರ್‌ವೆಲ್ ಹುಡುಕುತ್ತಾನೆ. ಆ ನೀರಿನಲ್ಲೇ ಈ ಕಥೆಯ ಅರ್ಧವಿದೆ.

ವಾಡಿ, ಶಹಾಬಾದ, ಚಿತ್ತಾಪುರ, ಸೇಡಂ ಸುಣ್ಣಕಲ್ಲಿನ ಹಾಸಿನ ಮೇಲೆ ನಿಂತ ಊರುಗಳು. ಇಲ್ಲಿಯ ಫರ್ಸಿ ಎಷ್ಟೋ ಮನೆಗಳ ನೆಲವಾಯಿತು. 1874ರಲ್ಲಿ ನಿಜಾಮರ ರೈಲು ವಾಡಿಯಿಂದ ಸಿಕಂದರಾಬಾದಿಗೆ ಹೊರಟಿತು. 1968ರಲ್ಲಿ ಸಿಮೆಂಟ್ ಕಾರ್ಖಾನೆ ಬಂತು. ಕಲ್ಲು ಊರಿಗೆ ಅನ್ನ ಕೊಟ್ಟಿತು. ಅದೇ ಕಲ್ಲು ಅಂತರ್ಜಲದಲ್ಲಿ ಕರಗಿ, ನೀರು ಕಾಯಿಸಿದ ಪಾತ್ರೆಯ ತಳಕ್ಕೆ ಬಿಳಿ ಪದರವಾಗಿ ಅಂಟುತ್ತದೆ. ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಆಗುವುದೂ ಇದೇ. ಪದರ ದಪ್ಪವಾದಷ್ಟೂ ಶಾಖ ಹೊರಗೆ ಹೋಗುವ ದಾರಿ ಕಿರಿದಾಗುತ್ತದೆ.

ಎಂಜಿನ್ ತಣಿಸುವುದು ಮೋಟಾರು ವಾಹನದಷ್ಟೇ ಹಳೆಯ ಸಮಸ್ಯೆ. ಆರಂಭದ ಗಾಡಿಗಳಲ್ಲಿ ನೀರು ಕುದಿದು ಆವಿಯಾಗಿ ಹೋಗುತ್ತಿತ್ತು. ಮತ್ತೆ ಮತ್ತೆ ತುಂಬಬೇಕಿತ್ತು. 1901ರ ಮರ್ಸಿಡಿಸ್ ಕಾರಿಗೆ ವಿಲ್ಹೆಲ್ಮ್ ಮೈಬಾಖ್ 8,000ಕ್ಕೂ ಹೆಚ್ಚು ಪುಟ್ಟ ಕೊಳವೆಗಳನ್ನು ಜೋಡಿಸಿ ಜೇನುಗೂಡಿನಂಥ ರೇಡಿಯೇಟರ್ ಮಾಡಿದ. ಕೊಳವೆಯೊಳಗೆ ಗಾಳಿ, ಸುತ್ತ ನೀರು. ಮುಂದೆ ಕೊಳವೆಯಲ್ಲೇ ನೀರು ಹರಿದು, ನಡುವಿನ ರೆಕ್ಕೆಗಳಿಗೆ ಗಾಳಿ ತಾಗುವ ರೂಪ ನೆಲೆಯಾಯಿತು. ತಾಮ್ರ, ಹಿತ್ತಾಳೆ, ಬೆಸುಗೆ: ದಶಕಗಳ ಕಾಲ ಇವೇ ಆಳಿದವು.

ನಮ್ಮಲ್ಲಿ 1986ರಲ್ಲಿ ಟಾಟಾ 407, 1988ರಲ್ಲಿ ಟಾಟಾ ಮೊಬೈಲ್ ಪಿಕಪ್ ಬಂದಾಗ ಸಣ್ಣ ಸರಕು ಸಾಗಿಸುವವನಿಗೂ ಸ್ವಂತ ಗಾಡಿಯ ಆಸೆ ಹುಟ್ಟಿತು. ಜೊತೆಗೇ ಬೆಸುಗೆಯವನ ಅಂಗಡಿಗೂ ಕೆಲಸ. ಅವನು ಮೇಲಿನ ಟ್ಯಾಂಕ್ ಬಿಚ್ಚಿ, ಕೊಳವೆಗಳಲ್ಲಿ ಕಡ್ಡಿ ಆಡಿಸಿ ಸುಣ್ಣ ಕೆರೆದು, ಸೋರುವ ಕಡೆ ಸೀಸ ಕರಗಿಸಿ ಮುಚ್ಚುತ್ತಿದ್ದ. ಸಂಜೆಗೆ ಗಾಡಿ ದುಡಿಮೆಗೆ ಮರಳುತ್ತಿತ್ತು.

ಇಂದು ಬದಲಿ ಕೊಳ್ಳಲು ಹೋದರೆ ಹೆಚ್ಚಾಗಿ ಸಿಗುವುದು ಅಲ್ಯೂಮಿನಿಯಂ ಕೋರ್, ಪ್ಲಾಸ್ಟಿಕ್ ಟ್ಯಾಂಕ್. ತಾಮ್ರ ಶಾಖವನ್ನು ಚೆನ್ನಾಗಿ ಒಯ್ಯುತ್ತದೆ, ನಿಜ. ಆದರೆ ಅಲ್ಯೂಮಿನಿಯಂ ಅದರ ಮೂರನೆಯ ಒಂದು ಪಾಲಿನಷ್ಟೂ ತೂಗುವುದಿಲ್ಲ, ಅಗಲ ಕೊಳವೆಗಳಿಂದ ಆ ಕೊರತೆ ತುಂಬಿಕೊಳ್ಳುತ್ತದೆ. ಆದ್ದರಿಂದ ಕೊಳವೆಗಳ ಸಾಲು ಎಣಿಸಿ ಬೆಲೆ ಕಟ್ಟಬಾರದು. ಕೋರಿನ ಅಗಲ, ಎತ್ತರ, ದಪ್ಪ, ಹೋಸ್ ಬಾಯಿಗಳ ಅಳತೆ ಮತ್ತು ಜಾಗ, ಬೋಲ್ಟಿನ ಅಂತರ, ಮುಚ್ಚಳದ ಒತ್ತಡ ಹಳೆಯದಕ್ಕೆ ಹೊಂದಬೇಕು. ಅದಕ್ಕೂ ಮುನ್ನ ಥರ್ಮೋಸ್ಟಾಟ್, ಫ್ಯಾನ್ ಬೆಲ್ಟ್ ನೋಡಬೇಕು. ತಪ್ಪು ಅಲ್ಲಿದ್ದರೆ ಹೊಸ ರೇಡಿಯೇಟರೂ ಕುದಿಯುತ್ತದೆ.

ಪ್ಲಾಸ್ಟಿಕ್ ಟ್ಯಾಂಕ್ ಬಿರಿದರೆ ಬೆಸುಗೆಯವನು ಕೈಚೆಲ್ಲುತ್ತಾನೆ. ಹಳೆಯ ಹಿತ್ತಾಳೆ ಟ್ಯಾಂಕ್ ಗಟ್ಟಿಯಿದ್ದರೆ ಅದನ್ನೇ ಉಳಿಸಿ ಹೊಸ ಕೋರ್ ಕೂರಿಸುವವರು ಇನ್ನೂ ಇದ್ದಾರೆ. ದಿನದ ಬಾಡಿಗೆಯನ್ನೇ ನಂಬಿದವನಿಗೆ ಇದು ಹಳೆಯದರ ಮೋಹವಲ್ಲ: ಊರಲ್ಲೇ ರಿಪೇರಿಯಾಗುವ ಲೋಹ ಬೇಕೋ, ಹಗುರವಾದರೂ ಕೆಟ್ಟಾಗ ಹೊಸದೇ ತರಬೇಕಾದ್ದು ಬೇಕೋ ಎಂಬ ಲೆಕ್ಕ.

ಯಾವುದನ್ನೇ ಆರಿಸಲಿ, ಬೋರ್‌ವೆಲ್ ನೀರಲ್ಲ, ಡಿಸ್ಟಿಲ್ಡ್ ನೀರು ಬೆರೆಸಿದ ಕೂಲೆಂಟನ್ನೇ ಹಾಕಬೇಕು. ಊರು ಕಟ್ಟಿದ ಕಲ್ಲು ಗಾಡಿಯ ಹಿಂಬದಿಯಲ್ಲಿ ಹೇರಿಕೊಂಡು ಹೋಗಲು ಇರಲಿ, ಮುಂಬದಿಯ ಕೊಳವೆಗಳಿಗೆ ಬೇಡ.